ಹಳೆಯ ಆರ್‌ಎಕ್ಸ್-7 ನೋಡಲು ಹೋದಾಗ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ

ಮೊದಲೇ ಒಂದು ಮಾತು. ಈ ಕಾರನ್ನು ಬೆಂಗಳೂರಿಗೆ ತರಿಸುವ ಆಸೆಯಿದ್ದರೆ ಬಿಟ್ಟುಬಿಡಿ. 3 ವರ್ಷಕ್ಕಿಂತ ಹಳೆಯ ಕಾರಿನ ಆಮದಿಗೆ ಭಾರತದ ನಿಯಮ ಅಡ್ಡ ಬರುತ್ತದೆ. ಜಪಾನ್, ಅಮೆರಿಕ, ಆಸ್ಟ್ರೇಲಿಯಾ ಕಡೆ ಇದ್ದುಕೊಂಡು ಮಾಜ್ದಾ ಆರ್‌ಎಕ್ಸ್-7ರ ಮೂರನೇ ತಲೆಮಾರಿನ, ಅಂದರೆ ಎಫ್‌ಡಿ ಕಾರಿನ ಹುಚ್ಚು ಹಿಡಿಸಿಕೊಂಡವರಿಗಾಗಿ ಇದು.

ಹುಚ್ಚೇನೂ ಸುಮ್ನೆ ಹಿಡಿಯುವುದಿಲ್ಲ. 1991ರ ಕೊನೆಯಿಂದ 2002ರವರೆಗೆ ಬಂದ ಕಾರು, ಎಂಜಿನ್ ಬರೀ 1.3 ಲೀಟರ್, ಅದರಲ್ಲಿ ಪಿಸ್ಟನ್ನೇ ಇಲ್ಲ! ಅದರ ಬದಲು ಸುತ್ತುವ, ಹೊಟ್ಟೆ ಉಬ್ಬಿದ ಸಮೋಸದಂಥ ಎರಡು ರೋಟರ್, ಜೊತೆಗೆ ಎಂಜಿನ್ನಿಗೆ ಗಾಳಿ ತುರುಕುವ ಎರಡು ಟರ್ಬೊ, ಅಷ್ಟರಿಂದಲೇ ಶುರುವಿನಲ್ಲಿ 255, 1999ರ ಹೊತ್ತಿಗೆ 280 ಕುದುರೆ ಶಕ್ತಿ. ಎಂಜಿನ್ ಚಿಕ್ಕದು, ಹಗುರ, ಹಾಗಾಗಿ ಅದನ್ನು ಮೂತಿಯಲ್ಲಿ ತುಂಬಾ ಹಿಂದಕ್ಕೆ ಕೂರಿಸಿದ್ದಾರೆ. ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುವುದು ಅದಕ್ಕೇ.

ಈಗ ವಿಷಯಕ್ಕೆ ಬರೋಣ. ಮಾರುವವರಿಗೆ ಫೋನಿನಲ್ಲೇ ಹೇಳಿ: ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಹೊಗೆ ನೋಡಿ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಅದಕ್ಕೆ ಸಿಹಿ ವಾಸನೆಯೂ ಇದ್ದರೆ, ಎಂಜಿನ್ ತಂಪು ಮಾಡುವ ದ್ರವ ಒಳಗೆ ಸೋರದಂತೆ ತಡೆಯುವ ಕೂಲೆಂಟ್ ಸೀಲ್ ಹೋಗಿದೆ ಅಂತ ಅನುಮಾನಪಡಿ. ಆಮೇಲೆ ಒಂದು ರೌಂಡ್ ಓಡಿಸಿ, ಬಿಸಿಯಾದ ಮೇಲೆ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಕೀ ತಿರುಗಿಸಿ. ದಣಿದ ರೋಟರಿ ಎಂಜಿನ್ನಿನ ಬಣ್ಣ ಬಯಲಾಗುವುದು ಇಲ್ಲೇ. ತಣ್ಣಗಿದ್ದಾಗ ಚೆನ್ನಾಗಿ ಹತ್ತಿದ ಎಂಜಿನ್ ಬಿಸಿಯಲ್ಲಿ ಒದ್ದಾಡುತ್ತದೆ.

ಮುಂದಿನದು ಕಂಪ್ರೆಷನ್, ಅಂದರೆ ಎಂಜಿನ್ ಒಳಗೆ ಗಾಳಿಯನ್ನು ಎಷ್ಟು ಒತ್ತುತ್ತದೆ ಅನ್ನುವುದು. ಮಾಮೂಲಿ ಗೇಜ್ ಬೇಡ, ಅದು ರೋಟರಿನ ಮೂರು ಮುಖಗಳಲ್ಲಿ ಜಾಸ್ತಿ ಇರುವುದನ್ನಷ್ಟೇ ತೋರಿಸುತ್ತದೆ. ರೋಟರಿ ಎಂಜಿನ್ನಿಗೇ ಮಾಡಿದ ಟೆಸ್ಟರ್ ಇರುವ ಗ್ಯಾರೇಜಿಗೆ ಒಯ್ಯಿರಿ. 250 ಆರ್‌ಪಿಎಂನಲ್ಲಿ ಪ್ರತಿ ಮುಖವೂ ಚದರ ಸೆಂಟಿಮೀಟರಿಗೆ 6 ಕೆಜಿಗಿಂತ ಕೆಳಗೆ ಇಳಿಯಬಾರದು, ಒಂದು ರೋಟರಿನ ಮುಖಗಳ ನಡುವೆ 1.5ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಟೆಸ್ಟರ್ ಸಿಗಲಿಲ್ಲವೇ? ಇಂಧನ ಮತ್ತು ಇಗ್ನಿಷನ್ ಎರಡನ್ನೂ ಕಡಿತ ಮಾಡಿಸಿ, ಒಂದು ರೋಟರಿನ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿಸಿ ಕೇಳಿ. ಫುಸ್, ಫುಸ್, ಫುಸ್ ಅಂತ ಒಂದೇ ಸಮನೆ ಬರಬೇಕು. ಒಂದು ಫುಸ್, ಆಮೇಲೆ ಎರಡು ಸಪ್ಪೆ ಉಸಿರು ಬಂತೋ, ಅಪೆಕ್ಸ್ ಸೀಲ್, ಅಂದರೆ ರೋಟರಿನ ಮೂಲೆಯಲ್ಲಿ ಗಾಳಿ ಸೋರದಂತೆ ತಡೆಯುವ ಪಟ್ಟಿ, ಮುರಿದಿರಬಹುದು. ಇನ್ನೊಂದು ರೋಟರಿಗೂ ಹಾಗೇ ಮಾಡಿಸಿ. ನಂಬರ್ ಸಿಗದಿದ್ದರೂ ಸತ್ತ ಎಂಜಿನ್ ಗೊತ್ತಾಗುತ್ತದೆ. ಕಿಲೋಮೀಟರ್ ಕಡಿಮೆ ಓಡಿದೆ ಅನ್ನುವ ಮಾತಿಗೆ ನಾನಂತೂ ಮೂರು ಕಾಸಿನ ಬೆಲೆ ಕೊಡುವುದಿಲ್ಲ.

ಓಡಿಸುವಾಗ ಟರ್ಬೊ ಒತ್ತಡ ತೋರಿಸುವ ಬೂಸ್ಟ್ ಮೀಟರ್ ಮೇಲೆ ಕಣ್ಣಿರಲಿ. ಒಂದು ಟರ್ಬೊ ಕೆಳಗಿನಿಂದಲೇ ಎಳೆಯುತ್ತದೆ, 4,500 ಆರ್‌ಪಿಎಂ ಹತ್ತಿರ ಎರಡನೆಯದು ಸೇರುತ್ತದೆ. ಆಗ ಮುಳ್ಳು ಸ್ವಲ್ಪ ಬಗ್ಗಿ ಮತ್ತೆ ಏಳಬೇಕು. ಬಿದ್ದಲ್ಲೇ ಉಳಿದರೆ ಸಾಮಾನ್ಯವಾಗಿ ಟರ್ಬೊ ತಪ್ಪಲ್ಲ, ಅವನ್ನು ನಿಯಂತ್ರಿಸುವ, ಬಿಸಿಗೆ ಒಣಗಿ ಕಡ್ಡಿಯಾದ ವ್ಯಾಕ್ಯೂಮ್ ಪೈಪುಗಳ ತಪ್ಪು. ಬಾನೆಟ್ಟಿನೊಳಗೆ ಅವು ಇಲಿಗೂಡಿನ ಹಾಗೆ ಹೆಣೆದುಕೊಂಡಿರುತ್ತವೆ, ಬೆಲೆ ಇಳಿಸಲು ಒಳ್ಳೆ ನೆಪ ಅಲ್ವಾ!

ಎಂಜಿನ್ ಆಯಿಲ್ ಕುಡಿಯುತ್ತದೆ ಅಂತ ಹೆದರಬೇಡಿ. ಸೀಲುಗಳು ಸವೆಯದಿರಲಿ ಅಂತ ಪಂಪೇ ಒಳಗೆ ಆಯಿಲ್ ಬಿಡುತ್ತದೆ, ಪೆಟ್ರೋಲ್ ಹಾಕಿಸಿದಾಗಲೆಲ್ಲ ಡಿಪ್‌ಸ್ಟಿಕ್ ನೋಡಿದರಾಯಿತು.

ಕಾರು ಮನೆಗೆ ಬಂದ ಮೇಲೆ, ತಣ್ಣಗಿರುವ ಎಂಜಿನನ್ನು ಗೇಟಿನಿಂದ ಶೆಡ್ಡಿಗೆ ತರಲೆಂದು ಸ್ಟಾರ್ಟ್ ಮಾಡಿ ಕೂಡಲೇ ಆಫ್ ಮಾಡಬೇಡಿ. ಒಳಗೆ ಪೆಟ್ರೋಲ್ ತುಂಬಿಕೊಂಡು ಮರುದಿನ ಹತ್ತದೇ ಹೋಗಬಹುದು. ಅದರ ಬದಲು ಪಕ್ಕದ ಮನೆಯವರನ್ನು ಕರೆದು ಕಾರು ತಳ್ಳಿಸಿ.