ಬಯೋಮೆಡಿಕಲ್ ಎಂ.ಎಸ್‌ಸಿ.: ಖರ್ಚೆಷ್ಟು, ಜೊತೆಗೆ ಓದುವವರು ಯಾರು? ಸೇರುವ ಮೊದಲೇ ತಿಳಿಯುವ ಬಗೆ

ಬಿ.ಎಸ್‌ಸಿ. ಮುಗಿಸಿದ ಕಾಸರಗೋಡು, ಮಂಜೇಶ್ವರದ ಮಕ್ಕಳಿಗೆ ಹತ್ತಿರದ ದಾರಿಗಳು ಮೂರು: ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ದೇರಳಕಟ್ಟೆಯ ಡೀಮ್ಡ್ ವಿಶ್ವವಿದ್ಯಾಲಯಗಳು. ಶುಲ್ಕದ ಪಟ್ಟಿ ಮಾತ್ರ ನೋಡಿ ಆರಿಸಿದರೆ ಎಡವುತ್ತೀರಿ.

ಮೊದಲು ಅವಧಿ ನೋಡಿ. ವಿಜ್ಞಾನ ವಿಭಾಗದ ಎಂ.ಎಸ್‌ಸಿ. ಎರಡು ವರ್ಷ. ವೈದ್ಯಕೀಯ ಕಾಲೇಜಿನೊಳಗಿನ ಅನಾಟಮಿ, ಮೆಡಿಕಲ್ ಬಯೋಕೆಮಿಸ್ಟ್ರಿ ಸಾಮಾನ್ಯವಾಗಿ ಮೂರು ವರ್ಷ. ಆ ಒಂದು ವರ್ಷದ ಊಟ, ವಸತಿಯನ್ನೂ ಕೂಡಿಸಿಕೊಳ್ಳಿ.

ನಂತರ ಒಂದು ಹಾಳೆಯಲ್ಲಿ ಸೆಮಿಸ್ಟರ್‌ವಾರು ಬರೆಯಿರಿ: ಬೋಧನಾ ಶುಲ್ಕ, ಪ್ರಯೋಗಾಲಯ, ಪರೀಕ್ಷೆ, ಹಾಸ್ಟೆಲ್, ಮೆಸ್, ಪ್ರಯಾಣ. ಹೆಚ್ಚಿನವರು ಮರೆಯುವುದು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್. ಅದನ್ನು ಬೆಂಗಳೂರಿನ ಲ್ಯಾಬಿನಲ್ಲಿ ಮಾಡಹೊರಟರೆ ಬೆಂಚ್ ಫೀ (ಲ್ಯಾಬ್ ಬಳಸಲು ಕೊಡುವ ಶುಲ್ಕ), ಪೇಯಿಂಗ್ ಗೆಸ್ಟ್ ಕೋಣೆಯ ಬಾಡಿಗೆ ಎರಡೂ ನಿಮ್ಮ ತಲೆಯ ಮೇಲೆ; ಶುಲ್ಕದ ಪಟ್ಟಿಯಲ್ಲಿ ಅದರ ಸುಳಿವಿರುವುದಿಲ್ಲ. ಕೊಣಾಜೆ, ದೇರಳಕಟ್ಟೆಗೆ ಮನೆಯಿಂದಲೇ ಹೋಗಿಬರುವವರು ಉಳ್ಳಾಲದವರೆಗೆ ರೈಲು, ತೊಕ್ಕೊಟ್ಟಿನಿಂದ ಬಸ್ಸು ಎಂದು ಲೆಕ್ಕ ಹಾಕಬಹುದು. ರೈಲಿನ ಸೀಸನ್ ಟಿಕೆಟ್ಟಿನಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ.

ಶಿಕ್ಷಣ ಸಾಲ ₹4 ಲಕ್ಷದವರೆಗೆ ಜಾಮೀನು, ಮಾರ್ಜಿನ್ (ನಾವು ಕೈಯಿಂದ ಹಾಕಬೇಕಾದ ಪಾಲು) ಇಲ್ಲದೆ ಸಿಗುತ್ತದೆ. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಬಳಿಕ; ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತದೆ. ವರ್ಷಕ್ಕೆ ₹2 ಲಕ್ಷದಂತೆ ಎರಡು ಸಲ ತೆಗೆದು, ಶೇ. 10ರ ಸರಳ ಬಡ್ಡಿ ಹಿಡಿದರೆ ಮೊದಲ ಕಂತಿನ ಹೊತ್ತಿಗೆ ಬಾಕಿ ₹5 ಲಕ್ಷ. ಕುಟುಂಬದ ಆದಾಯ ₹4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನದ ಬಗ್ಗೆ ಬ್ಯಾಂಕಿನಲ್ಲಿ ಸಾಲ ಮಂಜೂರಾಗುವ ಮೊದಲೇ ಕೇಳಿ.

ಪೆರಿಯಕ್ಕೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅಲ್ಲಿ ಒಬಿಸಿಗೆ ಶೇ. 27, ಎಸ್‌ಸಿಗೆ 15, ಎಸ್‌ಟಿಗೆ 7.5, ಇಡಬ್ಲ್ಯುಎಸ್‌ಗೆ (ಈ ಮೀಸಲಾತಿಗಳಿಗೆ ಸೇರದ ಬಡವರಿಗೆ) 10 ಮೀಸಲು. ಗಡಿನಾಡಿನವರು ಎಡವುವುದು ಇಲ್ಲೇ. ಕೇರಳದ ನಿವಾಸಿಗೆ ಲೆಕ್ಕಕ್ಕೆ ಬರುವುದು ಕೇರಳದ ಕೇಂದ್ರ ಒಬಿಸಿ ಪಟ್ಟಿ, ಕರ್ನಾಟಕದ್ದಲ್ಲ. ರಾಜ್ಯದ ಉಪಯೋಗಕ್ಕೆ ಕೊಟ್ಟ ನಾನ್ ಕ್ರೀಮಿ ಲೇಯರ್ ಪತ್ರವೂ (ಒಬಿಸಿಯೊಳಗಿನ ಸ್ಥಿತಿವಂತರಲ್ಲ ಎಂಬ ಪ್ರಮಾಣಪತ್ರ) ನಡೆಯದು. ಕೇರಳದ ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವಾಗ ಕೇಂದ್ರ ಸರ್ಕಾರದ ನಮೂನೆಯೆಂದು ಬಾಯಿಬಿಟ್ಟು ಹೇಳಿ. ಎಸ್ಸೆಸೆಲ್ಸಿ ಪುಸ್ತಕದಲ್ಲಿರುವ ಜಾತಿಯ ಹೆಸರು ಪಟ್ಟಿಯಲ್ಲಿರುವ ಹೆಸರಿಗೆ ಹೊಂದುತ್ತದೆಯೇ ಎಂದು ಅಕ್ಷರ ಅಕ್ಷರ ನೋಡಿ.

ಇನ್ನು ಸಹಪಾಠಿಗಳು. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ತರಗತಿಯಲ್ಲಿ ತಾನೊಬ್ಬಳೇ ಹೊರಗಿನವಳೋ, ತನ್ನಂಥವರು ಇನ್ನೂ ಇದ್ದಾರೋ ಎಂಬುದು ಸಣ್ಣ ವಿಷಯವಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಮಾಹಿತಿ ಕೊಟ್ಟ ಪ್ರತಿ ಸಂಸ್ಥೆಯೂ ಆ ಕಡತವನ್ನು ತನ್ನ ಜಾಲತಾಣದಲ್ಲಿ ಇಡಬೇಕು. ಅದರಲ್ಲಿ 'ಪಿಜಿ ಎರಡು ವರ್ಷ' ಸಾಲನ್ನು ಹುಡುಕಿ. ಗಂಡು, ಹೆಣ್ಣು, ರಾಜ್ಯದೊಳಗಿನವರು, ಹೊರರಾಜ್ಯದವರು, ವಿದೇಶಿಯರು, ಆರ್ಥಿಕವಾಗಿ ಹಿಂದುಳಿದವರು, ಎಸ್‌ಸಿ-ಎಸ್‌ಟಿ-ಒಬಿಸಿ ಸೇರಿ ಎಷ್ಟು ಎಂದು ಬೇರೆಬೇರೆ ಅಂಕಣಗಳಿವೆ. ಪಕ್ಕದಲ್ಲೇ ಪೂರ್ತಿ ಬೋಧನಾ ಶುಲ್ಕ ಮರುಪಾವತಿ ಪಡೆದವರ ಸಂಖ್ಯೆ: ಸರ್ಕಾರದಿಂದ, ಸಂಸ್ಥೆಯ ನಿಧಿಯಿಂದ, ಖಾಸಗಿಯವರಿಂದ. ಹಿಂದುಳಿದವರ ಅಂಕಣ ದೊಡ್ಡದಿದ್ದು ಮರುಪಾವತಿಯ ಅಂಕಣಗಳಲ್ಲಿ ಸೊನ್ನೆ ಇದ್ದರೆ, ಅಲ್ಲಿನ ಬಡ ಮಕ್ಕಳು ಶುಲ್ಕದ ಒಂದು ಪಾಲನ್ನಾದರೂ ಸ್ವಂತ ದುಡ್ಡಿನಿಂದಲೋ ಸಾಲದಿಂದಲೋ ಕಟ್ಟುತ್ತಿದ್ದಾರೆಂದೇ ತಿಳಿಯಿರಿ.

ಈ ಅಂಕಿಗಳು ಇಡೀ ಸಂಸ್ಥೆಯವು. ನಿಮ್ಮ ವಿಭಾಗದ್ದು ಬೇಕಾದರೆ ವಿಭಾಗದ ಮುಖ್ಯಸ್ಥರಿಗೆ ಬರೆದು ಕೇಳಿ. ಕೇಂದ್ರೀಯ ವಿಶ್ವವಿದ್ಯಾಲಯದಿಂದ ಉತ್ತರ ಬಾರದಿದ್ದರೆ ₹10 ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಕೊಡಬೇಕು.