ಬದನೆಕಾಯಿಯದೂ ತಪ್ಪಿಲ್ಲ, ಪಪ್ಪಾಯಿಯದೂ ತಪ್ಪಿಲ್ಲ

ನನ್ನ ಮಗಳಿಗೆ ಈಗ ಒಂದು ವರ್ಷ ಮೂರು ತಿಂಗಳು. ಹುಟ್ಟಿದ್ದು ಚಳ್ಳಕೆರೆಯಲ್ಲಿ, ನನ್ನ ತವರಿನಲ್ಲಿ. ಐದು ತಿಂಗಳ ಬಾಣಂತನ ಮುಗಿಸಿಕೊಂಡು ದಾವಣಗೆರೆಗೆ ಬಂದೆವು. ಅವಳಿಗೆ ಲಸಿಕೆ ಹಾಕಿಸುವಾಗೆಲ್ಲ ಏನು ತಿನ್ನಬೇಕು, ಏನು ಬಿಡಬೇಕು ಅನ್ನುವ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಎರಡು ಸಲ ನಾನು ಹೆದರಿ ಊಟಕ್ಕೇ ಕತ್ತರಿ ಹಾಕಿದೆ. ಎರಡು ಸಲವೂ ತಪ್ಪು ಮಾಡಿದೆ.

ಮೊದಲನೆಯದು ಬಿಸಿಜಿ, ಅಂದರೆ ಕ್ಷಯದ ಲಸಿಕೆ. ಹುಟ್ಟಿದಾಗ ಎಡತೋಳಿಗೆ ಹಾಕಿದ್ದರು. ಒಂದು ತಿಂಗಳಾದ ಮೇಲೆ ಆ ಜಾಗದಲ್ಲಿ ಸಣ್ಣ ಗುಳ್ಳೆ ಎದ್ದು ಕೀವು ಕಾಣಿಸಿತು. "ಬದನೆಕಾಯಿ ತಿಂದ್ಯಲ್ಲ, ನಂಜಾಗಿದೆ ನೋಡು" ಅಂದಳು ಅಮ್ಮ. ಹಿಂದಿನ ದಿನ ಆಸೆಪಟ್ಟು ಎರಡು ಎಣಗಾಯಿ ತಿಂದಿದ್ದು ನಿಜ. ಅವತ್ತಿನಿಂದ ನನ್ನ ಪಥ್ಯ ಇನ್ನೂ ಬಿಗಿಯಾಯಿತು. ಬದನೆ, ಆಲೂಗಡ್ಡೆ, ಕುಂಬಳ, ಕಾಳು ಎಲ್ಲ ಬಂದ್. ಬರೀ ಅನ್ನ, ತುಪ್ಪ, ಮೆಣಸಿನ ಸಾರು. ನಾಲ್ಕೇ ದಿನಕ್ಕೆ ಎದ್ದು ನಿಂತರೆ ತಲೆ ಸುತ್ತುತ್ತಿತ್ತು.

ಆರನೇ ವಾರದ ಇಂಜೆಕ್ಷನ್‌ಗೆ ಹೋದಾಗ ಸಿಸ್ಟರ್ ತೋಳು ನೋಡಿ, "ಚೆನ್ನಾಗಿ ಎದ್ದಿದೆ" ಅಂದರು. ಬಿಸಿಜಿ ಹಾಕಿದ ಕಡೆ ಹೀಗೆ ಗುಳ್ಳೆ ಏಳುವುದು, ಒಡೆಯುವುದು, ತಾನಾಗಿಯೇ ಒಣಗಿ ಕಲೆ ಉಳಿಯುವುದು ಸಹಜವಂತೆ. ಅರಿಶಿನ, ಮುಲಾಮು ಏನೂ ಹಚ್ಚಬಾರದು, ಒತ್ತಬಾರದು. ಆಮೇಲೆ ನನ್ನ ಮುಖ ನೋಡಿ ಕೇಳಿದರು: "ನೀನೇ ಹಿಂಗೆ ಸೊರಗಿದ್ರೆ ಹೆಂಗಮ್ಮ?" ಅವತ್ತು ರಾತ್ರಿ ಅಮ್ಮನೇ ಹೆಸರುಬೇಳೆ, ನುಗ್ಗೆಸೊಪ್ಪು ಹಾಕಿ ಪಲ್ಯ ಮಾಡಿದಳು. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲೇ ಊಟ, ಎದೆಹಾಲೇ ನೀರು. ಹಾಲಿನ ಜೊತೆಗೇ ರೋಗ ತಡೆಯುವ ಅಂಶಗಳೂ ತಾಯಿಯಿಂದ ಮಗುವಿಗೆ ಹೋಗುತ್ತವೆ. ಹಾಗಿರುವಾಗ ಮಗುವಿಗೆ ಒಳ್ಳೆಯದಾಗಲಿ ಅಂತ ತಾಯಿಯ ತಟ್ಟೆ ಖಾಲಿ ಮಾಡುವುದು ಯಾವ ಲೆಕ್ಕ, ಅಲ್ವಾ?

ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ) ಆದ ರಾತ್ರಿ ಜ್ವರ ಬರುತ್ತಿತ್ತು, ತೊಡೆ ಸ್ವಲ್ಪ ಊದುತ್ತಿತ್ತು. ಇಂಜೆಕ್ಷನ್ ಹಾಕಿದ ಕೂಡಲೇ ಅಲ್ಲೇ ಬೆಂಚಿನ ಮೇಲೆ ಕೂತು ಹಾಲು ಕೊಡುತ್ತಿದ್ದೆ. ಅಳು ಬೇಗ ನಿಲ್ಲುತ್ತಿತ್ತು. ಹೇಗೂ ಅರ್ಧ ಗಂಟೆ ಅಲ್ಲೇ ಇರಬೇಕಿತ್ತು. ರಾತ್ರಿ ಒಂದೇ ಸಲ ಜಾಸ್ತಿ ಕುಡಿಯುತ್ತಿರಲಿಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ ಎದೆಗೆ ಹಾಕಿಕೊಳ್ಳುತ್ತಿದ್ದೆ. ಪ್ಯಾರಸಿಟಮಾಲ್ ಡ್ರಾಪ್ಸನ್ನು ಜ್ವರ ಬಂದ ಮೇಲೆ, ಅವಳ ತೂಕಕ್ಕೆ ಸಿಸ್ಟರ್ ಹೇಳಿದಷ್ಟೇ ಕೊಟ್ಟೆ. ಮಗು ಹಾಲೇ ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಫಿಟ್ಸ್ ಬಂದರೆ ಮನೆಯಲ್ಲಿ ಕೂರಬಾರದು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು ಮಾಡಿದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾನು ಒಂದು ಸೇರು ರಾಗಿ ತೊಳೆದು ರಾತ್ರಿಯೆಲ್ಲ ನೆನೆಸುತ್ತೇನೆ. ನೀರು ಬಸಿದು ಬಿಳಿ ಪಂಚೆಯಲ್ಲಿ ಕಟ್ಟಿಡುತ್ತೇನೆ. ನಮ್ಮ ದಾವಣಗೆರೆಯ ಸೆಕೆಗೆ ಒಂದೂವರೆ ದಿನಕ್ಕೇ ಮೊಳಕೆ ಬರುತ್ತದೆ. ನೆರಳಲ್ಲಿ ಒಣಗಿಸಿ, ಘಮ ಬರುವವರೆಗೆ ಸಣ್ಣ ಉರಿಯಲ್ಲಿ ಹುರಿದು, ಗಿರಣಿಯಲ್ಲಿ ನುಣ್ಣಗೆ ಬೀಸಿಸಿ, ಬಟ್ಟೆಯಲ್ಲಿ ಜರಡಿ ಹಿಡಿಯುತ್ತೇನೆ. ಮೊಳಕೆ ಬರಿಸಿದರೆ ರಾಗಿಯಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಇನ್ನೊಂದು ಲಾಭ ಮಾಡಿ ನೋಡಿದ ಮೇಲೆ ಗೊತ್ತಾಯಿತು. ಸಾದಾ ಹಿಟ್ಟಿನ ಸರಿ ಬೇಗ ಗಟ್ಟಿಯಾಗುತ್ತದೆ, ಹಾಗಾಗಿ ಹಿಟ್ಟು ಕಡಿಮೆ, ನೀರು ಜಾಸ್ತಿ ಹಾಕಬೇಕು. ಮೊಳಕೆ ಹಿಟ್ಟಿನ ಸರಿ ತೆಳ್ಳಗೇ ಇರುತ್ತದೆ. ಅದೇ ಬಟ್ಟಲಿಗೆ ಒಂದು ಚಮಚ ಹಿಟ್ಟು ಹೆಚ್ಚಿಗೆ ಹಿಡಿಯುತ್ತದೆ. ನಾಲ್ಕೇ ಚಮಚ ತಿಂದು ಮುಖ ತಿರುಗಿಸುವ ಮಗುವಿಗೆ ಇದು ದೊಡ್ಡ ವಿಷಯ. ಮೇಲೆ ಅರ್ಧ ಚಮಚ ತುಪ್ಪ. ಏಳನೇ ತಿಂಗಳಿಂದ ತವರಿನ ಶೇಂಗಾ ಹುರಿದು, ನುಣ್ಣಗೆ ಪುಡಿ ಮಾಡಿ, ಮೊದಲು ಚಿಟಿಕೆಯಷ್ಟು ಹಾಕಿ ನೋಡಿ, ಆಮೇಲೆ ಹೆಚ್ಚಿಸಿದೆ. ಇಡೀ ಕಾಳು ಮಾತ್ರ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಜೇನುತುಪ್ಪವನ್ನೂ ಒಂದು ವರ್ಷದವರೆಗೆ ನೆಕ್ಕಿಸಲಿಲ್ಲ.

ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಇಂಜೆಕ್ಷನ್, ಜೊತೆಗೆ ವಿಟಮಿನ್ ಎ ದ್ರಾವಣ, ಒಂದು ಮಿಲಿ, ಅಂದರೆ 1 ಲಕ್ಷ ಯೂನಿಟ್. ಅವತ್ತು ರಾತ್ರಿ ಜ್ವರ ಬರಲಿಲ್ಲ. ಗೆದ್ದೆವು ಅಂದುಕೊಂಡೆ. ಎಂಟನೇ ದಿನ ಮೈ ಕಾದು, ಎದೆ ಮೇಲೆ ಕೆಂಪು ದದ್ದು ಬಂತು. ಹಿಂದಿನ ದಿನ ಪಪ್ಪಾಯಿ ತಿನ್ನಿಸಿದ್ದೆ. "ಉಷ್ಣ ಆಗಿದೆ ಕಣಮ್ಮ, ಎಲ್ಲ ನಿಲ್ಲಿಸು" ಅಂದರು ಅತ್ತೆ. ನಾನೂ ನಂಬಿದೆ. ಹಣ್ಣು, ಮೊಟ್ಟೆ, ತುಪ್ಪ ಎಲ್ಲ ನಿಲ್ಲಿಸಿ ಬರೀ ಗಂಜಿ, ಮೆತ್ತಗೆ ಮಾಡಿದ ಮಂಡಕ್ಕಿ. ಜ್ವರ ಎರಡು ದಿನಕ್ಕೆ ಇಳಿಯಿತು, ಆದರೆ ಗಂಜಿ ಮೂರು ವಾರ ನಡೆಯಿತು. ಅಂಗನವಾಡಿಯಲ್ಲಿ ತೂಗಿದರೆ ತಿಂಗಳ ಹಿಂದೆ ಇದ್ದ ಏಳು ಕೆಜಿ ಆರುನೂರು ಗ್ರಾಂ ಹಾಗೇ ನಿಂತಿತ್ತು. ಲಸಿಕೆ, ತೂಕ ಬರೆದಿಡುವ ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಅಡ್ಡಡ್ಡ ಹೋಗಿದ್ದು ನೋಡಿ ನನಗೆ ಅಳು ಬಂತು.

ಆಶಾ ಅಕ್ಕ ವಿವರಿಸಿದರು. ಈ ಲಸಿಕೆಗೆ ಜ್ವರ, ದದ್ದು ಬರುವುದಾದರೆ ಒಂದು ವಾರ, ಹತ್ತು ದಿನ ಬಿಟ್ಟೇ ಬರುತ್ತದೆ. ಲಸಿಕೆ ರೋಗಾಣುವನ್ನು ಮೈಗೆ ಪರಿಚಯ ಮಾಡಿಸುತ್ತದೆ, ತಡೆಯುವ ಶಕ್ತಿ ಹುಟ್ಟಲು ಎರಡು ವಾರವಾದರೂ ಬೇಕು. ಆ ಶಕ್ತಿ ತಯಾರಾಗುವುದು ನಾವು ಕೊಡುವ ಬೇಳೆ, ಹಾಲು, ಮೊಟ್ಟೆಯಲ್ಲಿರುವ ಪ್ರೋಟೀನಿನಿಂದಲೇ. ನಾನು ಸರಿಯಾಗಿ ಆ ದಿನಗಳಲ್ಲೇ ಗಂಜಿ ಕುಡಿಸುತ್ತಿದ್ದೆ! ಹಾಗಂತ ಎಷ್ಟೇ ಚೆನ್ನಾಗಿ ತಿನ್ನಿಸಿದರೂ ಊಟವೊಂದೇ ದಡಾರ ತಡೆಯುವುದಿಲ್ಲ. ಲಸಿಕೆಯ ಕೆಲಸ ಲಸಿಕೆಯೇ ಮಾಡಬೇಕು. ಪಕ್ಕದ ಮನೆಯವರು ಹೇಳಿದರು ಅಂತ ರೋಗನಿರೋಧಕ ಶಕ್ತಿಯ ಸಿರಪ್ ಒಂದು ತಂದಿದ್ದೆ. ಡಾಕ್ಟರ್ ಬೇಡ ಅಂದರು, ಬಿಟ್ಟೆ.

ಮರುದಿನದಿಂದ ಮತ್ತೆ ಸರಿ, ಬೇಳೆಕಟ್ಟು ಅನ್ನಕ್ಕೆ ನಾಲ್ಕು ಹನಿ ನಿಂಬೆರಸ, ಸಂಜೆ ಪಪ್ಪಾಯಿ, ದಿನಾ ಅರ್ಧ ಮೊಟ್ಟೆ. ಅಂಗನವಾಡಿಯ ಪುಷ್ಟಿ ಪುಡಿಯೂ ಮನೆಗೆ ಬರುತ್ತದೆ. ತಿಂಗಳೊಳಗೆ ಎಂಟು ಕೆಜಿ ದಾಟಿದಳು.

ಮುಂದಿನ ತಿಂಗಳು ಹದಿನಾರು ತುಂಬುತ್ತದೆ. ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್, ದಡಾರ-ರುಬೆಲ್ಲಾ ಎರಡನೇ ಡೋಸ್, ಪೋಲಿಯೋ ಹನಿ, ವಿಟಮಿನ್ ಎ ಈ ಸಲ ಎರಡು ಮಿಲಿ. ಚಳ್ಳಕೆರೆ ಬಸ್ಸಿನಲ್ಲಿ ಅಮ್ಮ ಶೇಂಗಾ ಕಳಿಸಿದ್ದಾಳೆ. ಇಂಜೆಕ್ಷನ್ ದಿನದಿಂದ ಎಂಟನೇ ದಿನಕ್ಕೆ ಅತ್ತೆಯೇ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಗುರುತು ಹಾಕಿಟ್ಟಿದ್ದಾರೆ.