ಪಾರ್ಕಿನ್ಸನ್ ಕಾಯಿಲೆಯ ಜೈವಿಕ ಉಪವಿಧಗಳು: ಅಧ್ಯಯನ ಕಟ್ಟುವ ಬಗೆ

ನಡುಕ ಹೆಚ್ಚಿರುವವರು ಒಂದು ಗುಂಪು, ನಡಿಗೆ ತೊಡಕಾದವರು ಇನ್ನೊಂದು ಗುಂಪು ಎಂಬ ವಿಂಗಡಣೆಯಿಂದ ಶುರು ಮಾಡಬೇಡಿ. ಇಂದು ಮೊದಲ ಗುಂಪಿನಲ್ಲಿದ್ದ ಎಷ್ಟೋ ಜನ ಕೆಲವು ವರ್ಷಗಳಲ್ಲಿ ಎರಡನೆಯದಕ್ಕೆ ಜಾರುತ್ತಾರೆ. ಆಗ ಕಾಯಿಲೆಯ ಹಂತವನ್ನೇ ನೀವು ಕಾಯಿಲೆಯ ಬಗೆ ಎಂದುಕೊಂಡಿರುತ್ತೀರಿ. ಔಷಧ ಸರಿಪಡಿಸಬೇಕಾದ್ದು ಜೀವಕೋಶದ ದೋಷವನ್ನು. ಮೊದಲು ಅದನ್ನು ಗುರುತಿಸಿ, ಲಕ್ಷಣಗಳನ್ನು ಆಮೇಲೆ ಹೋಲಿಸಿ.

ಮೊದಲ ಜರಡಿ ಜೀನ್ ಪರೀಕ್ಷೆ. ಎಲ್‌ಆರ್‌ಆರ್‌ಕೆ2, ಜಿಬಿಎ1 ಎರಡನ್ನೂ ಎಲ್ಲರಲ್ಲೂ ನೋಡಿ. ರೂಪಾಂತರ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲವಾದ್ದರಿಂದ ಕುಟುಂಬದ ಇತಿಹಾಸ ನಂಬಿದರೆ ಹಲವರು ತಪ್ಪಿಹೋಗುತ್ತಾರೆ. ಎಲ್‌ಆರ್‌ಆರ್‌ಕೆ2 ದೋಷದಲ್ಲಿ ಕೈನೇಸ್ ಎಂಬ ಕಿಣ್ವದ ಚಟುವಟಿಕೆ ಏರುತ್ತದೆ, ಅದನ್ನು ತಗ್ಗಿಸಬೇಕು. ಜಿಬಿಎ1 ದೋಷದಲ್ಲಿ ಜೀವಕೋಶದ ಕಸ ಒಡೆಯುವ ಲೈಸೋಸೋಮಿನ ಕಿಣ್ವ ಕುಗ್ಗುತ್ತದೆ, ಅದನ್ನು ಏರಿಸಬೇಕು. ಕೆಮ್ಮಿನ ಔಷಧವಾದ ಆಂಬ್ರಾಕ್ಸಾಲನ್ನು ಪರೀಕ್ಷಿಸುತ್ತಿರುವುದು ಈ ಎರಡನೇ ಉದ್ದೇಶಕ್ಕೆ. ಜಿಬಿಎ1ರ ಪಕ್ಕದಲ್ಲೇ ಸುಮಾರು 96% ಹೋಲುವ ನಿಷ್ಕ್ರಿಯ ಜೀನ್ ಒಂದಿದೆ. ಸಣ್ಣ ತುಣುಕುಗಳ ಸೀಕ್ವೆನ್ಸಿಂಗ್‌ನಲ್ಲಿ ಓದುಗಳು ಅಲ್ಲಿಗೆ ಹೋಗಿ ಕೂರುತ್ತವೆ, ಎಲ್444ಪಿ ಎಂಬ ಜಿಬಿಎ1 ರೂಪಾಂತರ ಕಣ್ತಪ್ಪುತ್ತದೆ. ಲಾಂಗ್ ರೇಂಜ್ ಪಿಸಿಆರ್ ಅಥವಾ ಉದ್ದ ಓದುಗಳಿಂದ ಖಚಿತಪಡಿಸಿಕೊಳ್ಳಿ.

ಎರಡನೆಯದು ಆಲ್ಫಾ ಸೈನುಕ್ಲೀನ್ ಬೀಜ ವರ್ಧನೆ ಪರೀಕ್ಷೆ. ತಪ್ಪಾಗಿ ಮಡಚಿಕೊಂಡು ಗಂಟುಕಟ್ಟುವ ಈ ಪ್ರೋಟೀನಿನ ಬೀಜಗಳು ಬೆನ್ನುಹುರಿ ದ್ರವದಲ್ಲಿವೆಯೇ ಎಂದು, ಅವನ್ನು ಪ್ರಯೋಗಾಲಯದ ಪ್ರೋಟೀನಿನಲ್ಲಿ ಬೆಳೆಸಿ ನೋಡುವುದು ಇದು. 2023ರಲ್ಲಿ ಪ್ರಕಟವಾದ, ಪಿಪಿಎಂಐ ಎಂಬ ಅಂತರರಾಷ್ಟ್ರೀಯ ಪಾರ್ಕಿನ್ಸನ್ ಅಧ್ಯಯನದ ಫಲಿತಾಂಶದಲ್ಲಿ ಪಾರ್ಕಿನ್ಸನ್ ಇದ್ದವರಲ್ಲಿ 87.7% ಮಂದಿ ಪಾಸಿಟಿವ್. ಎಲ್‌ಆರ್‌ಆರ್‌ಕೆ2 ರೂಪಾಂತರವಿರುವ ರೋಗಿಗಳಲ್ಲಿ ಮಾತ್ರ 67.5%. ಅಂದರೆ ಸೈನುಕ್ಲೀನ್ ವಿರುದ್ಧದ ಔಷಧವನ್ನು ಎಲ್ಲರಿಗೂ ಕೊಟ್ಟು ನೋಡಿದರೆ, ಗುರಿಯೇ ಇಲ್ಲದವರೂ ಆ ಟ್ರಯಲ್‌ನಲ್ಲಿ ಸೇರಿರುತ್ತಾರೆ. ಈ ಕ್ಷೇತ್ರಕ್ಕೆ ಇದಕ್ಕಿಂತ ಮುಖ್ಯವಾದ ಪಾಠ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಈ ಪರೀಕ್ಷೆಗೆ ಬೆನ್ನುಹುರಿ ದ್ರವವನ್ನು ಪಾಲಿಪ್ರೊಪಿಲೀನ್ ಟ್ಯೂಬಿಗೇ ಹಿಡಿಯಿರಿ. ಗಾಜು, ಪಾಲಿಸ್ಟೈರೀನ್‌ಗಳಿಗೆ ಪ್ರೋಟೀನ್ ಅಂಟುತ್ತದೆ. ಸೆಂಟ್ರಿಫ್ಯೂಜ್ ಮಾಡಿ, 0.5 ಮಿ.ಲೀ. ಪಾಲುಗಳಾಗಿ -80 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಕೆಂಪು ರಕ್ತಕಣಗಳಲ್ಲಿ ಸೈನುಕ್ಲೀನ್ ಧಾರಾಳವಾಗಿರುತ್ತದೆ, ಆದ್ದರಿಂದ ಹಿಮೋಗ್ಲೋಬಿನ್ ಅಳೆಯಿರಿ, ಮಿ.ಲೀ.ಗೆ 200 ನ್ಯಾನೊಗ್ರಾಂ ಮೀರಿದರೆ ಒಟ್ಟು ಸೈನುಕ್ಲೀನ್ ಲೆಕ್ಕದಿಂದ ಕೈಬಿಡಿ. ಪ್ರತಿ ಪ್ಲೇಟಿನಲ್ಲೂ ರೋಗಿಗಳ ಮತ್ತು ಆರೋಗ್ಯವಂತರ ಸ್ಯಾಂಪಲ್‌ಗಳೆರಡನ್ನೂ ಬೇರೆ ಬೇರೆ ಗುಳಿಗಳಲ್ಲಿ ಇಡಿ, ಇಲ್ಲವಾದರೆ ಪರೀಕ್ಷೆಗೆ ಬಳಸುವ ಪ್ರೋಟೀನ್ ಬ್ಯಾಚಿನ ವ್ಯತ್ಯಾಸವೇ ಉಪವಿಧದ ವೇಷ ಹಾಕುತ್ತದೆ.

ಲಕ್ಷಣಗಳ ದಾಖಲೆಗೆ ಅಂಕ ಕೊಡುವ ಪ್ರಮಾಣಿತ ಪಟ್ಟಿಯಾದ ಎಂಡಿಎಸ್-ಯುಪಿಡಿಆರ್‌ಎಸ್ ಸಾಕು, ಆದರೆ ಪಾರ್ಕಿನ್ಸನ್ ಔಷಧವಾದ ಲೆವೊಡೋಪಾ ನಿಲ್ಲಿಸಿ 12 ಗಂಟೆಯಾದ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿ. 40 ವಾಸನೆಗಳ ಪರೀಕ್ಷೆ, ನಿದ್ರೆಯ ಪಾಲಿಸಾಮ್ನೋಗ್ರಫಿ (ರಾತ್ರಿಯಿಡೀ ನಿದ್ರೆಯ ದಾಖಲೆ) ಸೇರಿಸಿ. ಡ್ಯಾಟ್ ಸ್ಕ್ಯಾನ್ (ಮಿದುಳಿನ ಡೋಪಮೈನ್ ನರತುದಿಗಳ ಚಿತ್ರ) ಮಾಡುವುದಾದರೆ ಬ್ಯೂಪ್ರೊಪಿಯಾನ್, ಮೀಥೈಲ್‌ಫೆನಿಡೇಟ್ ಎಂಬ ಔಷಧಗಳ ಸೇವನೆ ಮೊದಲೇ ವಿಚಾರಿಸಿ. ಎರಡೂ ಚಿತ್ರವನ್ನು ಕೆಡಿಸುತ್ತವೆ.

ವಿಶ್ಲೇಷಣೆಯಲ್ಲಿ ನೆನಪಿಡಬೇಕಾದ್ದು: ದತ್ತಾಂಶವನ್ನು ಗುಂಪು ಮಾಡುವ ಕೆ-ಮೀನ್ಸ್ ವಿಧಾನಕ್ಕೆ ಮೂರು ಗುಂಪು ಕೇಳಿದರೆ ಮೂರೇ ಕೊಡುತ್ತದೆ, ಇರಲಿ ಬಿಡಲಿ. ವಯಸ್ಸು, ಕಾಯಿಲೆಯ ಅವಧಿ, ಔಷಧದ ಪ್ರಮಾಣಗಳನ್ನು ಸರಿದೂಗಿಸಿ, ವಿಂಗಡಣೆಯ ನಿಯಮವನ್ನು ಬರೆದು ಬೀಗ ಹಾಕಿ, ಬಳಿಕ ಬೇರೆಯೇ ಜನರ ದತ್ತಾಂಶದ ಮೇಲೆ ಓಡಿಸಿ. ಪಿಪಿಎಂಐ ದತ್ತಾಂಶ ಅರ್ಜಿ ಹಾಕಿದ ಸಂಶೋಧಕರಿಗೆ ಸಿಗುತ್ತದೆ.

ಒಂದು ಗುಂಪಿನ ಕಾಯಿಲೆ ಬೇಗ ಉಲ್ಬಣಿಸಿತು ಎಂದಮಾತ್ರಕ್ಕೆ ಔಷಧವೂ ಅವರಲ್ಲಿ ಬೇರೆಯಾಗಿ ಕೆಲಸ ಮಾಡುತ್ತದೆ ಎಂದಲ್ಲ. ಪ್ರತಿ ಗುಂಪಿನಲ್ಲೂ ಪ್ಲಸೀಬೊ (ಔಷಧವಿಲ್ಲದ ಹುಸಿ ಚಿಕಿತ್ಸೆ) ಇಟ್ಟು, ಔಷಧದ ಪರಿಣಾಮ ಗುಂಪಿನಿಂದ ಗುಂಪಿಗೆ ಬದಲಾಗುತ್ತದೆಯೇ ಎಂದು ನೇರವಾಗಿ ಪರೀಕ್ಷಿಸಿ. ಸಮ ಗಾತ್ರದ ಎರಡು ಗುಂಪುಗಳಲ್ಲಿ ಇದಕ್ಕೆ, ಅಷ್ಟೇ ಗಾತ್ರದ ಒಟ್ಟು ಪರಿಣಾಮ ಹಿಡಿಯಲು ಬೇಕಾದುದಕ್ಕಿಂತ ಸುಮಾರು ನಾಲ್ಕು ಪಟ್ಟು ಜನ ಬೇಕು. ಯಾವ ಗುಂಪಿಗೂ ಹೊಂದದವರನ್ನು ಹತ್ತಿರದ ಗುಂಪಿಗೆ ತಳ್ಳದೆ ಪ್ರತ್ಯೇಕವಾಗಿಯೇ ವರದಿ ಮಾಡಿ.